ಬೀರುವಿನಲ್ಲಿದ್ದ ನಕಲು

ಗಾಬ್ರೊವೊ, ನವೆಂಬರ್ ೧೪

ಪ್ರೀತಿಯ ತಿಹೊಮೀರ್,

ಹಡಗಿನಲ್ಲಿ ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಹೊತ್ತು ಹೊತ್ತಿಗೆ ತಿನ್ನು. ಮಾವ ಆರಾಮಾಗಿದ್ದಾರೆ. ನನಗಂತೂ ಸಾಕಾಗಿಹೋಗಿದೆ.

ಅಂಗಡಿಯ ನಾಲ್ಕೂ ಡಿಸ್ಕು ತುಂಬಿಹೋದವು. ಊರಿನವರ ಮದುವೆ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ನನ್ನ ತಲೆಗೆ ಕಟ್ಟಿ ಹೋದೆಯಲ್ಲ, ಜನ ಚೀಲಗಟ್ಟಲೆ ತರುತ್ತಲೇ ಇದ್ದಾರೆ. ನಾಲ್ಕನ್ನೂ ಒಂದೇ ಉಗ್ರಾಣದ ಹಾಗೆ ಜೋಡಿಸಿದವನು ನೀನು, ಐದನೆಯದನ್ನು ಸೇರಿಸುವ ಪಾಡು ನನ್ನದು. ಮಾವ, ನೀನು ನಕಲು ತೆಗೆದು ಬೀರುವಿನಲ್ಲಿಟ್ಟ ಡಿಸ್ಕು ತೋರಿಸಿ, "ಅಲ್ಲಮ್ಮಾ ರಾದಾ, ಅದು ವರ್ಷಗಟ್ಟಲೆ ದಂಡಕ್ಕೆ ಕೂತಿದೆ. ಅದನ್ನೇ ಹಾಕು, ಹೊಸದ್ಯಾಕೆ?" ಅಂದರು. ಬೆಕ್ಕು ಒಳಬಂದ ಕೂಡಲೇ ಬಾಗಿಲು ಮುಚ್ಚಿ ಸೌದೆ ಉಳಿಸಲು ಅದರ ಬಾಲ ಕತ್ತರಿಸಿದ ಜಿಪುಣರ ಊರು ನಿಮ್ಮದು, ಏನು ಹೇಳಲಿ! ಸೇರಿಸಿದರೆ ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತೆ, ಆಮೇಲೆ ಇಲ್ಲಿ ಎಡವಟ್ಟಾದರೆ ಅತ್ತೆಯೂ ಹೋದ ಹಾಗೇ ಅಂದೆ. ಬೀರುವಿನ ಬಾಗಿಲು ತಾವೇ ಮುಚ್ಚಿದರು. ಅತ್ತೆ ಬದುಕಿದ್ದಾಗ ನಗುತ್ತಾ ಮಾತಾಡಿದ ಆ ಒಂದೇ ಕ್ಯಾಸೆಟ್ಟು ಬೂಷ್ಟು ಹಿಡಿದು ಹಾಳಾದ ಮೇಲೆ ಇಳಿಸಿಟ್ಟದ್ದೇ ಗತಿ ಅಂತ ಅವರಿಗೂ ಗೊತ್ತು.

ಹೊಸದನ್ನೇ ತಂದೆ. ಹಳೆಯ ನಾಲ್ಕನ್ನೂ ತಪಾಸಣೆ ಮಾಡಿ, ಇದನ್ನು ಸೇರಿಸಿ, ಇದ್ದದ್ದನ್ನೆಲ್ಲ ಐದರ ಮೇಲೂ ಹರಡಲು ಬಿಟ್ಟೆ. ಶೇಕಡಾ ಒಂದು ಏರಲು ಅರ್ಧ ಗಂಟೆ. ಮಾವ ಪರದೆಯ ಮುಂದೆ ಕುರ್ಚಿ ಹಾಕಿಕೊಂಡು "ಎಷ್ಟಾಯ್ತಮ್ಮಾ?" ಅಂತ ಕೇಳಿದ್ದೇ ಕೇಳಿದ್ದು. ಅರವತ್ತೆರಡಕ್ಕೆ ಬಂದಾಗ ಹಳೆಯದೊಂದು ಕೈಕೊಟ್ಟಿತು. ಒಂದು ಕೆಟ್ಟರೆ ಉಳಿದವು ತಡೆದುಕೊಳ್ಳುತ್ತವೆ, ಎರಡು ಕೆಟ್ಟರೆ ಎಲ್ಲ ಮಣ್ಣು ಅಂತ ನೀನೇ ಹೇಳಿದ್ದೆ. ಮಾವನ ಮುಖ ನೋಡಲಾಗದೆ, "ಹೆದರಬೇಡಿ, ಏನೇ ಆದರೂ ಬೀರುವಿನಲ್ಲಿ ನಕಲಿದೆ" ಅಂದೆ. ಅದಾದ ಮೇಲೆ ಅವರು ಒಂದಿಷ್ಟು ಬೀನ್ಸ್ ಕಾಳಿನ ಸೂಪು ಕುಡಿದರು. ನಾನು ಪರದೆ ಬಿಟ್ಟು ಏಳಲಿಲ್ಲ. ಮಾರನೆಯ ದಿನ ಹೇಗೋ ಪೂರ್ತಿಯಾಯಿತು. ಕೆಟ್ಟದ್ದನ್ನು ಬದಲಿಸಿ ಜಾಗ ಹಿಗ್ಗಿಸಿದೆ. ಒಂದು ಮದುವೆಯೂ ಹೋಗಲಿಲ್ಲ. ಕಣ್ಣು ಮಾತ್ರ ಇನ್ನೂ ಉರಿಯುತ್ತಿದೆ.

ಮಾವ ನಿನಗೆ ಒಳ್ಳೆಯದಾಗಲಿ ಅಂದಿದ್ದಾರೆ. ಕಿವಿಗೆ ಗಾಳಿ ತಾಗದ ಹಾಗೆ ನೋಡಿಕೋ.

ನಿನ್ನ
ರಾದೊಸ್ತೀನಾ

ಇನ್ನೊಂದು ಮಾತು. ಎಲ್ಲ ಮುಗಿದ ಮೇಲೆ ಬೀರುವಿನ ಡಿಸ್ಕು ತೆಗೆದು ತಾಳೆ ನೋಡಿದೆ. ಊರಿನವರ ಹಳೆಯ ಮದುವೆಗಳೆಲ್ಲ ಇವೆ, ನಮ್ಮ ಮನೆಯದು ಒಂದೂ ಇಲ್ಲ. "ಜಾಗ ಸಾಲದು, ನಮ್ಮದು ಆಮೇಲೆ" ಅಂತ ಅದರೊಳಗೆ ನೀನೇ ಬರೆದಿಟ್ಟಿದ್ದೀಯ. ಆ ಎರಡು ದಿನ ನಿನ್ನ ಅಮ್ಮನಿಗೆ ಬೇರೆ ನಕಲೇ ಇರಲಿಲ್ಲ, ತಿಹೊ. ಈಗ ಮೂರು ಮಾಡಿಟ್ಟಿದ್ದೇನೆ. "ನಿನ್ನ ಮಾತಿನಿಂದ ಧೈರ್ಯ ಬಂತಮ್ಮಾ" ಅಂತ ಮಾವ ದಿನಾ ಹೇಳುತ್ತಾರೆ. ನನ್ನ ಬಾಯಿಂದ ಇದು ಬರಲ್ಲ, ನೀನೇ ಬಂದು ಹೇಳು.