ಭುಜ ಬಿಚ್ಚುವ ಅಂಗಿ

ಆಸ್ಪತ್ರೆಯ ಹೊಲಿಗೆ ಕೋಣೆ
ಎಂಟನೇ ತಾರೀಖು, ಊಟದ ಬಿಡುವು

ಪ್ರೀತಿಯ ಪಾಪು,

ನನ್ನಿಂದ ಕಾಗದ ಬರೆಸುತ್ತಿರುವುದಕ್ಕೆ ಮೊದಲು ನಿನ್ನನ್ನು ಬೈಯಬೇಕು. ಹನ್ನೊಂದು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಸೂಜಿ ಹಿಡಿದರೆ ನೆಟ್ಟಗೆ ಹೋಗುವ ಕೈ ಪೆನ್ನು ಹಿಡಿದರೆ ಅಡ್ಡಾದಿಡ್ಡಿ ಹೋಗುತ್ತದೆ. ತಪ್ಪಿದ್ದರೆ ತಿದ್ದಿಕೊಂಡು ಓದು. ಹೇಗಿದ್ದೀಯ? ಎದೆ ಉರಿ ಕಡಿಮೆಯಾಯಿತೇ? ನಿನ್ನ ಹೆಂಡತಿಯ ಸೊಂಟ ನೋವು? ಮಗುವಿಗೆ ಹಲ್ಲು ಬಂತೇ? ನನ್ನ ಮಂಡಿ ಹಾಗೇ ಇದೆ, ಕಣ್ಣು ಪರವಾಗಿಲ್ಲ, ಸಿಟ್ಟು ಮಾತ್ರ ಜಾಸ್ತಿಯಾಗಿದೆ. ಕ್ಷೇಮ ಸಮಾಚಾರ ಇಷ್ಟು ಸಾಕು.

ಸೋಮವಾರ ನಮ್ಮ ಸೂಪರಿಂಟೆಂಡೆಂಟ್ ಒಂದು ನೋಟಿಸ್ ಹಿಡಿದುಕೊಂಡು ಬಂದರು. ನಾನು ಇಲ್ಲಿ ಮಷೀನು ತುಳಿಯಲು ಶುರು ಮಾಡಿದ ಮೇಲೆ ಆ ಮನುಷ್ಯ ಈ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಇಸ್ತ್ರಿ ಮೇಜಿಗೆ ಒರಗಿ ಕೈ ಸುಟ್ಟುಕೊಂಡರು. ನೋಟಿಸ್ ನಿನ್ನ ಕಂಪನಿಯದು. ಹಾಸಿಗೆ ಹಿಡಿದವರಿಗೆ ನಾವು ಹೊಲಿಯುವ ಭುಜ ಬಿಚ್ಚುವ ಅಂಗಿಗೆ ಪೇಟೆಂಟ್ ಆಗಿದೆಯಂತೆ. ಅದನ್ನು ಕಂಡುಹಿಡಿದವನು ನೀನಂತೆ. ಹಕ್ಕು ಕಂಪನಿಗೆ ಬರೆದುಕೊಟ್ಟಿದ್ದೀಯಂತೆ. ಇನ್ನು ಅವರನ್ನು ಕೇಳದೆ ಒಂದೂ ಹೊಲಿಯಕೂಡದಂತೆ. "ನಿಲ್ಲಿಸಿಬಿಡಿ ಅಮ್ಮಾ, ನಮಗ್ಯಾಕೆ ಕೋರ್ಟು ಕಚೇರಿ" ಅಂದರು. ಮೊದಲು ನನ್ನ ಕೈ ಕಟ್ಟಿಹಾಕಿ, ಆಮೇಲೆ ನಿಲ್ಲುತ್ತೆ ಅಂದೆ. ಅವರು ಸುಟ್ಟ ಬೆರಳಿಗೆ ಉಫ್ ಅಂತ ಊದಿಕೊಳ್ಳುತ್ತಾ ಹೊರಟುಹೋದರು.

ನೀನು ಕಂಡುಹಿಡಿದೆಯಾ? ಮೊದಲನೆಯದನ್ನು ಯಾರಿಗೆ ಹೊಲಿದೆ ಅಂತ ನಾನು ಹೇಳಬೇಕೇ? ನಿನ್ನ ಅಮ್ಮನಿಗೆ. ಲಕ್ವ ಹೊಡೆದು ಬಿದ್ದ ನನ್ನ ತಂಗಿಗೆ. ಅಂಗಿ ಬದಲಿಸಲು ಕೈ ಎತ್ತಿದಾಗಲೆಲ್ಲ ಅವಳು ಹಲ್ಲು ಕಚ್ಚಿ ಗೋಡೆ ಕಡೆ ನೋಡುತ್ತಿದ್ದಳು. ಕೈ ಎತ್ತುವುದೇ ಬೇಡ ಅಂತ ಕತ್ತಿನಿಂದ ತೋಳಿನ ತುದಿಯವರೆಗೆ ಸೀಳಿ, ಕಟ್ಟಲು ಲಾಡಿ ಹಚ್ಚಿದೆ. ಅದೂ ನಾನೊಬ್ಬಳೇ ಮಾಡಿದ್ದಲ್ಲ. ಮೊದಲು ಗುಂಡಿಯನ್ನೇ ಇಟ್ಟಿದ್ದೆ. ವಾರ್ಡಿನ ದೊಡ್ಡ ನರ್ಸ್ ಬಂದು "ರೀ, ಈ ಗುಂಡಿ ಒತ್ತಿ ಒತ್ತಿ ಹುಣ್ಣಾಗ್ತಿದೆ, ನೀವೇ ಒಂದು ರಾತ್ರಿ ಇದರ ಮೇಲೆ ಮಲಗಿ ನೋಡಿ" ಅಂತ ಗದರಿದ ಮೇಲೆ ಲಾಡಿ ಬಂತು. ಬೆನ್ನಿನ ಕೆಳಗೆ ಹೊಲಿಗೆಯೇ ಬರಬಾರದು ಅಂದವನು ಎರಡೂ ಕಾಲು ಮುರಿದುಕೊಂಡು ಮಲಗಿದ್ದ ಒಬ್ಬ ಲಾರಿ ಡ್ರೈವರ್. ತೋಳಿನಲ್ಲಿ ಸಲೈನ್ ಪೈಪಿಗೆ ಸಂದು ಬಿಟ್ಟದ್ದು ಪಕ್ಕದ ಮಷೀನಿನವಳು, ನಾವೆಲ್ಲ ಮೂಗುತಿ ಅಂತ ಕರೆಯುತ್ತೇವಲ್ಲ, ಅವಳು. ಅವಳಿಗೆ ಈಗಲೂ ಗುಂಡಿಗೆ ನೆಟ್ಟಗೆ ಕಾಜ ಹಾಕಲು ಬರುವುದಿಲ್ಲ, ಆದರೆ ಸಂದು ಅವಳದೇ. ಪೇಟೆಂಟಿನಲ್ಲಿ ಡ್ರೈವರ್ ಎಲ್ಲಿದ್ದಾನೆ? ಮೂಗುತಿ ಎಲ್ಲಿದ್ದಾಳೆ?

ನೀನು ಹಿಂದೊಮ್ಮೆ ಹೇಳಿದ್ದೆ, "ನಾವು ಮಾಡಿಸದಿದ್ರೆ ಬೇರೆಯವ್ರು ಮಾಡಿಸ್ಕೋತಾರೆ, ನಿಂಗೆ ಗೊತ್ತಾಗಲ್ಲ ದೊಡ್ಡಮ್ಮ" ಅಂತ. ಏನು ಮಾಡಿಸುತ್ತೀಯೋ ಅಂತ ಆಗ ಕೇಳದೆ ಮಷೀನಿಗೆ ಎಣ್ಣೆ ಬಿಡುತ್ತಾ ಕೂತಿದ್ದೆನಲ್ಲ, ಅದು ನನ್ನ ತಪ್ಪು. ಬೇರೆಯವರು ಬಂದು ಕದಿಯುತ್ತಾರೆ ಅಂತ ಮನೆಯವನೇ ಮುಂಚೆ ಕದಿಯುವುದು ಯಾವ ಸೀಮೆಯ ಕಾವಲೋ?

ಈ ಕಾನೂನನ್ನೇ ಕಿತ್ತೊಗೆಯಬೇಕು ಅಂತ ಸೋಮವಾರ ಕೂಗಾಡಿದೆ. ಔಷಧಿ ಕೊಡುವ ಕನ್ನಡಕದವನು ಕಿಟಕಿಯಿಂದಲೇ ಕೇಳಿದ: "ಹತ್ತು ವರ್ಷ ಕೂತು ಒಂದು ಮಾತ್ರೆ ಮಾಡಿದವ್ರು ಏನು ತಿನ್ಬೇಕಮ್ಮಾ?" ಎರಡು ದಿನ ಯೋಚಿಸಿದೆ. ಸರಿ, ಅವರು ತಿನ್ನಲಿ. ಯಾರ ಬೆವರೋ ಅವರಿಗೆ ನಾಲ್ಕಾರು ವರ್ಷ ಕೊಡಲಿ, ಆಮೇಲೆ ಎಲ್ಲರಿಗೂ ಬಿಡಲಿ. ಪೇಟೆಂಟ್ ಅಂದರೆ ಇಪ್ಪತ್ತು ವರ್ಷದ ಬೀಗವಂತೆ, ಅಷ್ಟು ಯಾಕೆ? ನಮ್ಮ ವಾರ್ಡಿನಲ್ಲಿರುವವರಿಗೆ ಅಷ್ಟು ಪುರುಸೊತ್ತಿಲ್ಲ. ಮತ್ತೆ ಮೊಹರು ಒತ್ತುವ ಅಧಿಕಾರಿ ಕುರ್ಚಿ ಬಿಟ್ಟೆದ್ದು, ಆ ವಸ್ತು ಬಳಸುವವರ ಹತ್ತಿರ ಬಂದು, ಇದನ್ನು ಮೊದಲೇ ಕಂಡಿದ್ದೀರಾ ಅಂತ ಒಂದು ಮಾತು ಕೇಳಲಿ. ನಮ್ಮಲ್ಲಿ ಕೇಳಿದ್ದರೆ ಸ್ಟ್ರೆಚರ್ ತಳ್ಳುವವನೂ ಹೇಳುತ್ತಿದ್ದ. ಅಷ್ಟೂ ಆಗುವುದಿಲ್ಲವೆಂದರೆ ಕಿತ್ತೇ ಒಗೆಯಲಿ, ನಾನು ಸೋಮವಾರದ ಮಾತಿಗೇ ವಾಪಸ್.

"ನಿನ್ನ ಹೆಸರೂ ಸೇರಿಸ್ತೀನಿ ದೊಡ್ಡಮ್ಮ, ಸುಮ್ನಿರು" ಅಂತ ಮೆಸೇಜ್ ಹಾಕಿದ್ದೀಯ. ಫೋನ್ ಎತ್ತಲು ಇಲ್ಲದ ಕೈ ಇದಕ್ಕೆ ಬಂತು. ನನ್ನ ಹೆಸರು ಬೇಡ. ನನ್ನ ಹೆಸರಿದ್ದರೂ ಬೀಗ ಬೀಗವೇ. ಇಲ್ಲಿ ಕಲಿತು ಹೋದ ಹೆಂಗಸರು ಬೇರೆ ಬೇರೆ ಆಸ್ಪತ್ರೆಗಳಲ್ಲಿ ಇದೇ ಅಂಗಿ ಹೊಲಿಯುತ್ತಿದ್ದಾರೆ. ನಿಲ್ಲಿಸಿ ಅಂತ ಅವರಿಗೆ ನಾನು ಹೇಳಬೇಕೇ? ನೋಟಿಸ್ ಬಂದ ಮೇಲೆ ಹದಿನಾಲ್ಕು ಅಂಗಿ ಹೊಲಿದಿದ್ದೇನೆ. ಒಂದೊಂದರ ಅಂಚಿಗೂ ಕೆಂಪು ದಾರದಲ್ಲಿ ನನ್ನ ಗುರುತು ಹಾಕಿದ್ದೇನೆ, ಕೋರ್ಟಿನವರಿಗೆ ಹುಡುಕುವ ಕಷ್ಟ ಬೇಡ ಅಂತ.

ನೀನು ಮಾಡಬೇಕಾದ್ದು ಒಂದೇ. "ಇದು ನಾನು ಕಂಡುಹಿಡಿದದ್ದಲ್ಲ, ಮೊದಲಿಂದಲೂ ಇತ್ತು" ಅಂತ ಪೇಟೆಂಟ್ ಆಫೀಸಿಗೆ ಬರೆದುಕೊಡು. ಕೆಲಸ ಹೋಗಬಹುದು, ಗೊತ್ತು. ಹೋದರೆ ಇಲ್ಲಿ ಕಿಟಕಿ ಪಕ್ಕದ ಮಷೀನು ಖಾಲಿ ಇದೆ. ಕಾಜ ಹಾಕುವುದನ್ನು ಮೂಗುತಿಯಿಂದ ಮಾತ್ರ ಕಲಿಯಬೇಡ.

ಮಗುವಿಗೆ ಮುತ್ತು. ನಿನ್ನ ಹೆಂಡತಿಗೆ ಭಾರ ಎತ್ತಬೇಡ ಅನ್ನು. ನಿನಗೆ ನನ್ನ ಆಶೀರ್ವಾದ ಯಾವತ್ತೂ ಇದೆ, ನಿನ್ನ ಕಂಪನಿಗೆ ಇಲ್ಲ.

ನಿನ್ನ
ದೊಡ್ಡಮ್ಮ

ಮರೆಯುವ ಮುಂಚೆ: ನಾವು ಹಳೇ ನ್ಯೂಸ್‌ಪೇಪರಿನಲ್ಲೇ ಅಳತೆ ಕತ್ತರಿಸಿಕೊಳ್ಳುವುದು ನಿನಗೆ ಗೊತ್ತಲ್ಲ. ನಿನ್ನೆ ಬೀರುವಿನ ತಳದಲ್ಲಿ ಆ ಮೊದಲ ಅಂಗಿಯ ಅಳತೆ ಪೇಪರು ಸಿಕ್ಕಿತು. ಪೇಪರಿನ ಮೂಲೆಯಲ್ಲಿ ಹನ್ನೆರಡು ವರ್ಷದ ಹಿಂದಿನ ತಾರೀಖಿದೆ. ಹಳೇ ಪೇಪರನ್ನು ಯಾವಾಗ ಬೇಕಾದರೂ ಕತ್ತರಿಸಬಹುದು ಅಂತ ನಿಮ್ಮ ವಕೀಲ ಹೇಳಬಹುದು. ಆದರೆ ಆವತ್ತು ಟೇಪು ಹಿಡಿದವಳು ನಾನು, ಮಂಚದ ಪಕ್ಕ ಕೂತು ಅಳತೆ ಬರೆದುಕೊಂಡವನು ನೀನು. ಎಡ ಭುಜ ಇಷ್ಟು, ಬಲ ಭುಜ ಇಷ್ಟು, "ಅಮ್ಮನಿಗೆ, ದೊಡ್ಡಮ್ಮ ಮಾಡಿದ ಹೊಸ ಅಂಗಿ" ಅಂತ ಬರೆದು ಕೆಳಗೆ ದಿನಾಂಕವನ್ನೂ ಹಾಕಿದ್ದೀಯ. ನಿನ್ನದೇ ಅಕ್ಷರ, ನೀಲಿ ಇಂಕು. "ನಾನೇ ಕಂಡುಹಿಡಿದೆ" ಅಂತ ಆಮೇಲೆ ಪೇಟೆಂಟ್ ಅರ್ಜಿಗೆ ನೀನೇ ಸಹಿ ಹಾಕಿದ್ದೀಯ. ಈ ಪೇಪರು ಹೊರಗೆ ಬಂದರೆ ನಿನಗೇನಾಗುತ್ತದೆ ಅಂತ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಇನ್ನೂ ಯಾರಿಗೂ ತೋರಿಸಿಲ್ಲ, ಮೂಗುತಿಗೂ. ಆಸ್ಪತ್ರೆಯ ವಕೀಲರು ಇಪ್ಪತ್ತೊಂದಕ್ಕೆ ಬರುತ್ತಾರೆ. ಬರೆದುಕೊಟ್ಟೆಯೋ ಇಲ್ಲವೋ, ಇಪ್ಪತ್ತನೇ ತಾರೀಖಿನ ಸಂಜೆಯೊಳಗೆ ನನಗೆ ಉತ್ತರ ಬೇಕು.