ಬಟನ್ ಒತ್ತೋ ಇಂಜಿನ್

ಅಪ್ಪಾ,

ನಾನು ಐಸ್ ಪ್ಲಾಂಟಿಗೆ ಹೊರಟೆ. ಹತ್ತು ಗಂಟೆಗೆ ಮೆಕ್ಯಾನಿಕ್ ಹೊಸ ಇಂಜಿನ್ ತಗೊಂಡು ನಮ್ಮ ದೋಣಿ ಹತ್ರ ಬರ್ತಾನೆ. ನಿನ್ನೆಯಿಂದ ಮುಖ ಊದಿಸ್ಕೊಂಡಿದ್ದು ಸಾಕು, ತಿಂಡಿ ತಿಂದು ಹೋಗು.

ಇಪ್ಪತ್ತೈದು ಎಚ್‌ಪಿ ಬೇಕಿತ್ತು ಅಂತ ಅವನ ಹತ್ರ ಮತ್ತೆ ರಾಗ ತೆಗೀಬೇಡ. ದೋಣಿ ನನಗಿಂತ ದೊಡ್ಡದು ವಯಸ್ಸಲ್ಲಿ, ಅದಕ್ಕೆ ಈ ಹದಿನೈದು ಎಚ್‌ಪಿನೇ ಜಾಸ್ತಿ. ಇಂಜಿನ್ ಕೂರೋ ಹಿಂದಿನ ಹಲಗೆಗೆ ನಿನ್ನೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿದೆ. ಒಂದು ಮೂಲೇಲಿ ಕಳಿತ ಬಾಳೆಹಣ್ಣಿಗೆ ಚುಚ್ಚಿದ ಹಾಗೆ ಇಳೀತು. ಮೊದಲು ಆ ಹಲಗೆ ಬದಲಾಯಿಸಲಿ, ಆಮೇಲೆ ಇಂಜಿನ್ ಕೂರಿಸಲಿ. ಮೇಲೆ ಬಣ್ಣ ಬಳಿದು ಕೈ ತೊಳ್ಕೊಳ್ಳೋಕೆ ಬಿಡಬೇಡ. ಹೊಸ ಹಲಗೆ ಬಾಗಿಲ ಹಿಂದೆ ಇದೆ.

ಬ್ಯಾಟರೀನ ಮುಂದಿನ ಸೀಟಿನ ಕೆಳಗೆ ಇಡಿಸು. ಅದನ್ನೂ ಹಿಂದೆ ಇಟ್ಟರೆ ದೋಣಿ ಮೂತಿ ಎತ್ತುತ್ತೆ.

ಹಗ್ಗ ಎಳೆಯೋದು ಬಿಟ್ಟು ಬಟನ್ ಒತ್ತಿ ಸ್ಟಾರ್ಟ್ ಮಾಡೋ ಇಂಜಿನ್ ಯಾಕೆ ಅಂತ ಅವನು ಕೇಳೇ ಕೇಳ್ತಾನೆ. ಮಗಳ ಕೈಲಿ ಎಳೆಯೋಕೆ ಆಗಲ್ಲ ಅಂದುಬಿಡು. ಅಂಗಡೀಲಿ ನಾನೂ ಹಾಗೇ ಹೇಳಿದ್ದೀನಿ. ಹಳೇ ಇಂಜಿನ್ನನ್ನ ನಾನು ಒಂದೇ ಎಳೆತಕ್ಕೆ ಸ್ಟಾರ್ಟ್ ಮಾಡ್ತಿದ್ದದ್ದು ನಮ್ಮಿಬ್ಬರನ್ನ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಬಾಚಣಿಗೇನ ಕನ್ನಡಿಯ ಎಡಗಡೆ ಇಟ್ಟಿದ್ದೀನಿ. ಬಲಗೈ ಮೇಲೆತ್ತೋಕಾಗದೆ ಮೂರು ವಾರದಿಂದ ನೀನು ಎಡಗೈಲಿ ತಲೆ ಬಾಚ್ಕೋತಿರೋದನ್ನ ನಾನು ನೋಡಿಲ್ಲ.