ಗಟ್ಟಿಯಾದ ನೊರೆ

ಆಗಸ್ಟ್ ೭, ಗುರುವಾರ

ಲ್ಯಾಬಿನ ತೊಟ್ಟಿಯ ಮೇಲೆ ತೂಗುಬಿಟ್ಟಿರುವ, ಕಪ್ಪೆ ಮೊಟ್ಟೆಯಿಟ್ಟ ನೊರೆಗೂಡು ಇವತ್ತು ನಾರತೊಡಗಿದೆ. ಇಷ್ಟು ದಿನ ಮೊಟ್ಟೆಗಳು ಕೊಳೆಯದಂತೆ ಕಾಪಾಡಿದ್ದು ನೊರೆಯೊಳಗಿನ ಬ್ಯಾಕ್ಟೀರಿಯಾಗಳೇ. ಈಗ ಹೊರಮೈ ಒಣಗಿ ಗಟ್ಟಿಯಾಗಿದೆ, ಒಳಗೆ ಕೊಳೆಸುವ ಬೇರೆ ಬ್ಯಾಕ್ಟೀರಿಯಾಗಳು ಬಂದು ಸಂಸಾರ ಹೂಡಿವೆ. ಬಲಿತ ಗೊದಮೊಟ್ಟೆಗಳು ಅದರಲ್ಲೇ ಮಿಸುಕಾಡುತ್ತಿವೆ. ಸ್ವಲ್ಪ ನೀರು ಸುರಿದರೆ ನೊರೆ ಕರಗಿ ಅವು ಕೆಳಗಿನ ತೊಟ್ಟಿಗೆ ಬಿದ್ದು ಬದುಕುತ್ತವೆ. ಆದರೆ ಗೈಡ್ ಮೇಡಂಗೆ ನೊರೆ ದಿನದಿನಕ್ಕೆ ಹೇಗೆ ಕೆಡುತ್ತದೆ ಎಂಬ ಲೆಕ್ಕವೇ ಬೇಕು.

“ಇನ್ನೊಂದೇ ಒಂದು ಸ್ಯಾಂಪಲ್ ತಗೋಳಮ್ಮ, ಆಮೇಲೆ ಬಿಟ್ರಾಯ್ತು.”

ನನ್ನ ಪಿಎಚ್‌ಡಿ ವಿಷಯದಲ್ಲೂ ಎರಡು ವರ್ಷದಿಂದ ಇದೇ ಮಾತು.

ಅವರು ಊಟಕ್ಕೆ ಹೋದರೆಂದುಕೊಂಡು ಲೋಟದ ತುಂಬ ನೀರು ಹಿಡಿದು ಗೂಡಿನ ಮುಂದೆ ನಿಂತಿದ್ದೆ.

“ಯಾಕಮ್ಮಾ ಆ ನೀರು?” ಹಿಂದೆಯೇ ಇದ್ದರು.

“ಬಾಯಾರಿಕೆ ಆಗಿತ್ತು ಮೇಡಂ.”

ಅವರು ನೋಡುತ್ತಲೇ ನಿಂತರು. ಒಂದು ಹನಿಯೂ ಬಿಡದೆ ನಾನೇ ಕುಡಿದೆ.